ಗಿನಿಪಿಗ್ ಸಾಯುತ್ತಿರುವಾಗ ಮಗುವನ್ನು ದೂರ ಇಡಬೇಕಾ?

ಮನೆಯ ಗಿನಿಪಿಗ್‌ಗೆ ವಯಸ್ಸಾಗಿದೆ, ತಿನ್ನುವುದು ಬಿಟ್ಟಿದೆ, ಎಂಟು ವರ್ಷದ ಮಗಳು ಅದರ ಪಕ್ಕ ಬಿಟ್ಟು ಏಳುತ್ತಿಲ್ಲ, ಅವಳನ್ನು ದೂರ ಇಡಬೇಕಾ ಅಂತ ಕೇಳಿದ್ದೀರಿ. ಇಡಬೇಡಿ ಅನ್ನುತ್ತೇನೆ. ಕಾರಣ ಆಮೇಲೆ. ಮೊದಲು ಆ ಪ್ರಾಣಿಯ ವಿಷಯ, ಅದಕ್ಕೆ ಕಾಯುವಷ್ಟು ಹೊತ್ತಿಲ್ಲ.

ತಿನ್ನುವುದು ಬಿಟ್ಟಿದ್ದಕ್ಕೆ ವಯಸ್ಸೇ ಕಾರಣ ಅಂತ ಸುಮ್ನೆ ಕೂರಬೇಡಿ. ಗಿನಿಪಿಗ್‌ನ ಹೊಟ್ಟೆಗೆ ಹುಲ್ಲು ಹೋಗುತ್ತಲೇ ಇರಬೇಕು. ಅರ್ಧ ದಿನ ಏನೂ ಮುಟ್ಟದಿದ್ದರೆ ಕರುಳಿನ ಓಡಾಟ ನಿಧಾನವಾಗಿ, ಹೊಟ್ಟೆ ಉಬ್ಬಿಕೊಳ್ಳಬಹುದು. ಇವತ್ತೇ ವೆಟ್‌ಗೆ, ಅಂದರೆ ಪ್ರಾಣಿಗಳ ಡಾಕ್ಟರಿಗೆ, ಫೋನ್ ಮಾಡಿ. ನಾಯಿ, ಬೆಕ್ಕು ಬಿಟ್ಟು ಇಂಥ ಸಣ್ಣ ಪ್ರಾಣಿಗಳನ್ನು ನೋಡಿ ಅಭ್ಯಾಸ ಇರುವವರು ಯಾರು ಅಂತ ಕೇಳಿ. ಎಷ್ಟೋ ಸಲ ತೊಂದರೆ ಹಲ್ಲಿನದಾಗಿರುತ್ತದೆ. ಅದರ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ದವಡೆ ಹಲ್ಲು ಓರೆ ಬೆಳೆದರೆ ಹಸಿವಿದ್ದರೂ ಅಗಿಯಲಾಗುವುದಿಲ್ಲ. ಇಲ್ಲವೇ ವಿಟಮಿನ್ ಸಿ ಕಡಿಮೆಯಾಗಿರಬಹುದು. ನಮ್ಮ ಹಾಗೆ ಅದರ ಮೈಯೂ ಅದನ್ನು ತಯಾರಿಸಿಕೊಳ್ಳುವುದಿಲ್ಲ, ಕೊರತೆಯಾದರೆ ಕೀಲು ನೋವು ಬಂದು ಮುದುರಿ ಕೂರುತ್ತದೆ. ಇವೆರಡಕ್ಕೂ ಔಷಧಿ, ಉಪಾಯ ಇದೆ.

ಕಾಡಿನಲ್ಲಿ ಬೇರೆ ಪ್ರಾಣಿಗಳಿಗೆ ಊಟವಾಗುವ ಜಾತಿ ಇದು. ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತದೆ. ಅದಕ್ಕೇ ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ಕೂರಿಸಿ ತೂಕ ನೋಡಬೇಕು. ದೊಡ್ಡದಾದ ಗಿನಿಪಿಗ್ ಸಾಮಾನ್ಯವಾಗಿ 700ರಿಂದ 1200 ಗ್ರಾಂ ತೂಗುತ್ತದೆ. ನಮ್ಮ ಗಿನಿಪಿಗ್ ಬೆಲ್ಲನ ತೂಕ ಬರೆಯುವುದು ಮಗನ ಕೆಲಸವಾಗಿತ್ತು. ಊರಿಂದ ತಂದ ಪಂಚಾಂಗದ ಕ್ಯಾಲೆಂಡರ್‌ನಲ್ಲಿ ಸಂಕಷ್ಟಿ, ಏಕಾದಶಿಗಳ ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ 940, 905, 860 ಅಂತ ಇಳಿಯುತ್ತಾ ಹೋಗಿತ್ತು. ವೆಟ್ ಹೇಳುವ ಮೊದಲೇ ಅವನಿಗೆ ಗೊತ್ತಾಗಿತ್ತು ಅಂತ ಕಾಣುತ್ತದೆ.

ಇನ್ನೇನೂ ಮಾಡಲಾಗದು ಅಂತ ವೆಟ್ ಹೇಳಿದರೆ, ನೋವಿಗೆ ಏನು ಕೊಡಬಹುದು ಅಂತ ಅವರನ್ನೇ ಕೇಳಿ. ಸಾಮಾನ್ಯವಾಗಿ ಮೆಲಾಕ್ಸಿಕ್ಯಾಮ್ ಅನ್ನುವ ಔಷಧಿಯನ್ನು ತೂಕ ನೋಡಿ ಕೊಡುತ್ತಾರೆ. ಊರಿಂದ ಸೂಟ್‌ಕೇಸ್ ತುಂಬ ಮಾತ್ರೆ ತರುವ ಅಭ್ಯಾಸ ನಮಗೆಲ್ಲ ಇದೆಯಲ್ಲ, ಅದನ್ನು ಇಲ್ಲಿ ತೋರಿಸಲೇಬೇಡಿ. ಮಕ್ಕಳಿಗೆ ಕೊಟ್ಟು ಉಳಿದ ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯಾಟಿಕ್ ಗಿನಿಪಿಗ್ ಹೊಟ್ಟೆಗೆ ಹೋದರೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತು ಪ್ರಾಣಿಯೂ ಸಾಯಬಹುದು. ನಾವು ನುಂಗುವ ನೋವಿನ ಮಾತ್ರೆಯೂ ಬೇಡ.

ಉಳಿದದ್ದು ಮನೆಯಲ್ಲೇ ಮಾಡುವ ಆರೈಕೆ. ಮೆತ್ತನೆ ಉಣ್ಣೆ ಬಟ್ಟೆ ಹಾಸಿ. ಹುಲ್ಲು, ನೀರು ಬಾಯಿಗೆ ಎಟುಕುವಂತಿರಲಿ. ಬಿಸಿನೀರಿನ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ಒಂದು ಪಕ್ಕಕ್ಕೆ ಮಾತ್ರ ಇಡಿ, ಸೆಕೆ ಅನಿಸಿದರೆ ಅದು ಸರಿದುಕೊಳ್ಳಬೇಕು. ಹಿಂಭಾಗ ಒದ್ದೆಯಾಗುತ್ತಿದ್ದರೆ ಬಟ್ಟೆಯಿಂದ ಒರೆಸಿ ಒಣಗಿಸಿ. ಜೊತೆಗಾರ ಗಿನಿಪಿಗ್ ಇದ್ದರೆ ಬೇರೆ ಮಾಡಬೇಡಿ. ಮನೆಗೆ ಬಂದವರೆಲ್ಲ ಎತ್ತಿ ಮುದ್ದು ಮಾಡುವುದನ್ನು ನಿಲ್ಲಿಸಿ, ಅದಕ್ಕೆ ಅದು ಹಿಂಸೆ. ವೆಟ್ ಹತ್ತಿರ ಸಿಗುವ ಆಹಾರದ ಪುಡಿಯನ್ನು ನೀರಿನಲ್ಲಿ ಕಲಸಿ ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ನಿಧಾನವಾಗಿ ಕೊಡಬಹುದು. ಆದರೆ ನುಂಗುತ್ತಿಲ್ಲ ಅಂದರೆ ಅಲ್ಲಿಗೇ ಬಿಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಬೆಲ್ಲ ಕೊನೆಕೊನೆಗೆ ಮುಟ್ಟುತ್ತಿದ್ದದ್ದು ಕೊತ್ತಂಬರಿ ಸೊಪ್ಪೊಂದೇ. ಅದೂ ಎಲೆ ಬಿಟ್ಟು ದಂಟು. ಫ್ರಿಜ್‌ನಿಂದ ಕಟ್ಟು ತೆಗೆದ ಸದ್ದಿಗೇ ಮನೆಯೆಲ್ಲ ಕೇಳುವಂತೆ ಕಿರುಚುತ್ತಿದ್ದ ಪ್ರಾಣಿ, ಆಮೇಲಾಮೇಲೆ ಮೂಗು ಮಾತ್ರ ಅಲ್ಲಾಡಿಸುತ್ತಿತ್ತು.

ಬಾಯಿ ತೆರೆದು ಉಸಿರಾಡಲು ಶುರು ಮಾಡಿದರೆ, ನೋವಿಗೆ ಹಲ್ಲು ಕಡಿಯುತ್ತಿದ್ದರೆ ಕಾಯಬೇಡಿ. ನೋವಿಲ್ಲದೆ ಸಾಯಲು ಇಂಜೆಕ್ಷನ್ ಕೊಡಿಸುವುದು ಪಾಪ ಅಲ್ವಾ ಅನ್ನುವ ಮಾತು ನಮ್ಮ ಮನೆಯಲ್ಲೂ ಬಂತು. ನರಳಲು ಬಿಟ್ಟು ಪುಣ್ಯ ಕಟ್ಟಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಸಾಮಾನ್ಯವಾಗಿ ಮೊದಲು ಅರಿವಳಿಕೆ ಗ್ಯಾಸ್ ಕೊಟ್ಟು ಆಮೇಲೆ ಇಂಜೆಕ್ಷನ್ ಕೊಡುತ್ತಾರೆ. ಉಸಿರು ನಿಂತ ಮೇಲೂ ಕಾಲು ಒಮ್ಮೆ ಅದುರಬಹುದು. ಮಗು ಜೊತೆಗಿರುವುದಾದರೆ ಇದನ್ನು ಮುಂಚೆಯೇ ಹೇಳಿಟ್ಟಿರಿ.

ಈಗ ಮಗಳ ವಿಷಯ. ಇಲ್ಲಿ ಇಂಗ್ಲೆಂಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಸಾವು ಬರುವುದು ಫೋನಿನಲ್ಲಿ. ನಮ್ಮ ಮಾವನವರು ತೀರಿಕೊಂಡಾಗ ಯಜಮಾನರು ರಾತ್ರೋರಾತ್ರಿ ವಿಮಾನ ಹತ್ತಿದರು. ಮಗ ಬೆಳಿಗ್ಗೆ ಎದ್ದಾಗ ಅಪ್ಪ ಇಲ್ಲ. ಹದಿಮೂರರ ಕಾರ್ಯ ಮುಗಿಸಿ ತಲೆ ಬೋಳಿಸಿಕೊಂಡ ಅಪ್ಪ ವಾಪಸ್ ಬಂದರು. ನಡುವೆ ಏನಾಯಿತು ಅನ್ನುವುದು ಅವನಿಗೆ ಕಾಣಲೇ ಇಲ್ಲ. ಊರಲ್ಲಿದ್ದಿದ್ದರೆ ಅಂಗಳದಲ್ಲಿ ಮಲಗಿಸಿದ ತಾತನನ್ನು ನೋಡುತ್ತಿದ್ದ, ಅತ್ತೆಯಂದಿರ ಅಳು ಕೇಳುತ್ತಿದ್ದ, ಯಾರದೋ ಮಡಿಲಲ್ಲಿ ನಿದ್ದೆ ಹೋಗುತ್ತಿದ್ದ. ಇಲ್ಲಿ ಅವನು ಶಾಲೆಗೆ ಹೋಗಿ ಬಂದ, ಅಷ್ಟೇ.

ಬೆಲ್ಲ ಸತ್ತ ಸಂಜೆ ಅದನ್ನು ಹಳೇ ಟವೆಲ್‌ನಲ್ಲಿ ಮಲಗಿಸಿದ್ದೆವು. ಮಗ ಅದರ ಕಿವಿ ಮುಟ್ಟಿದ. ಕೈ ತೆಗೆದ. ಮತ್ತೆ ಮುಟ್ಟಿದ. 'ತಾತನೂ ಹೀಗೇ ತಣ್ಣಗಿದ್ರಾ?' ಅಂತ ಅವರಪ್ಪನನ್ನು ಕೇಳಿದ. ಇವರು ಹೂಂ ಅಂದರು. ಆಮೇಲೆ ಇಬ್ಬರೂ ತುಂಬ ಹೊತ್ತು ಮಾತಾಡಿದರು: ತಾತನನ್ನು ಎಲ್ಲಿಗೆ ಒಯ್ದರು, ಯಾರು ಹೊತ್ತರು, ಅಪ್ಪ ಯಾಕೆ ಕೂದಲು ತೆಗೆಸಿದರು. ಅಷ್ಟು ತಿಂಗಳು ಅವನು ಒಂದು ಮಾತೂ ಕೇಳಿರಲಿಲ್ಲ. ಹಾಸನದಲ್ಲಿರುವ ಅತ್ತೆ ಹಿಂದಿನ ವಾರವೆಲ್ಲ ವಿಡಿಯೋ ಕಾಲ್‌ನಲ್ಲಿ 'ಒಂದು ಇಲಿಗೆ ಇಷ್ಟೊಂದಾ' ಅಂತ ನಗುತ್ತಿದ್ದವರು. ವೆಟ್ ಹತ್ತಿರ ಹೊರಡುವ ಮುಂಚೆ ಮಾತ್ರ 'ಬಾಯಿಗೆ ಒಂದ್ ತೊಟ್ಟು ನೀರು ಬಿಡ್ರೋ' ಅಂದರು. ಮಗ ಬೆರಳು ಒದ್ದೆ ಮಾಡಿ ಅದರ ತುಟಿಗೆ ತಾಗಿಸಿದ್ದ.

ಐದು ವರ್ಷದೊಳಗಿನ ಮಕ್ಕಳು ಸತ್ತದ್ದು ಎದ್ದು ಬರುತ್ತದೆ ಅಂದುಕೊಳ್ಳುವುದು ಸಹಜ. ಎಂಟು ವರ್ಷದವಳಿಗೆ ಇದು ಮುಗಿಯಿತು ಅನ್ನುವುದು ಅರ್ಥವಾಗುತ್ತದೆ. ಹಾಗಾಗಿ ಸತ್ತುಹೋಯಿತು ಅಂತಲೇ ಹೇಳಿ. ಮಲಗಿದೆ, ದೇವರು ಕರೆದುಕೊಂಡ ಅಂದರೆ ಕೆಲವು ಮಕ್ಕಳಿಗೆ ಮಲಗುವುದಕ್ಕೇ ಭಯ ಶುರುವಾಗುತ್ತದೆ. 'ನನ್ನಿಂದ ಆಯ್ತಾ?' ಅಂತ ಅವಳು ಕೇಳದಿದ್ದರೂ ಇಲ್ಲ ಅಂತ ಹೇಳಿ, ಆ ಪ್ರಶ್ನೆ ಒಳಗೆ ಇರುತ್ತದೆ. ಕ್ಲಾಸ್ ಟೀಚರ್‌ಗೆ ಒಂದು ಮಾತು ತಿಳಿಸಿಡಿ. ಬ್ರಿಟನ್‌ನಲ್ಲಿರುವವರಿಗೆ ಬ್ಲೂ ಕ್ರಾಸ್ ಸಂಸ್ಥೆಯವರು ಸಾಕುಪ್ರಾಣಿ ಕಳೆದುಕೊಂಡವರ ಜೊತೆ ಉಚಿತವಾಗಿ ಮಾತಾಡುತ್ತಾರೆ. ದೊಡ್ಡವರೂ ಫೋನ್ ಮಾಡಬಹುದು. ನಾಚಿಕೆ ಬೇಡ.

ಇಂಗ್ಲೆಂಡಿನಲ್ಲಿ ಸ್ವಂತ ಮನೆಯ ಹಿತ್ತಲಲ್ಲಿ ಹೂಳಬಹುದು, ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ. ಎರಡು ಮೂರು ಅಡಿ ಆಳ ಇರಲಿ, ಇಲ್ಲಿನ ನರಿಗಳು ಅಗೆಯುತ್ತವೆ. ಹಿತ್ತಲಿಲ್ಲದಿದ್ದರೆ ವೆಟ್ ಮೂಲಕ ದಹನಕ್ಕೆ ಕೊಡಬಹುದು.

ನಿಮ್ಮಲ್ಲಿ ಒಂದೇ ಇದೆಯಾ, ಜೋಡಿನಾ ಅಂತ ಬರೆದಿಲ್ಲ. ಜೋಡಿಯಾದರೆ, ಉಳಿಯುವ ಇನ್ನೊಂದಕ್ಕೆ ಸತ್ತದ್ದನ್ನು ಸ್ವಲ್ಪ ಹೊತ್ತು ಮೂಸಲು ಬಿಡಿ. ಇಲ್ಲದಿದ್ದರೆ ಹುಡುಕುತ್ತಾ ಇರಬಹುದು. ಅದು ಸರಿಯಾಗಿ ತಿನ್ನುತ್ತಿದೆಯಾ ಅಂತಲೂ ಗಮನಿಸಿ. ಒಂಟಿಯಾಗಿ ಜಾಸ್ತಿ ದಿನ ಬಿಡಬಾರದು. ಸ್ವಿಟ್ಜರ್ಲೆಂಡ್‌ನಲ್ಲಂತೂ 2008ರಿಂದ ಗಿನಿಪಿಗ್ ಒಂದನ್ನೇ ಸಾಕುವುದು ಕಾನೂನಿಗೆ ವಿರುದ್ಧ. ಬೆಲ್ಲನ ಜೊತೆಗಿದ್ದ ನಮ್ಮ ಇನ್ನೊಂದು ಗಿನಿಪಿಗ್ ಕಡ್ಲೆಗೆ ರೆಸ್ಕ್ಯೂ ಸೆಂಟರ್‌ನಿಂದ ವಯಸ್ಸಾದ ಜೊತೆಗಾರ ಒಂದನ್ನು ತಂದೆವು. ಮಗ ಮೊದಲು ಮುಖ ತಿರುಗಿಸಿದ್ದ. 'ಇದು ನಿನಗಲ್ಲ, ಕಡ್ಲೆಗೆ' ಅಂದ ಮೇಲೆ ಒಪ್ಪಿದ.

ಸಿರಿಂಜು, ಒಡೆಯದ ಪುಡಿಯ ಪ್ಯಾಕೆಟ್ ನಮ್ಮ ಮನೆಯಲ್ಲಿ ಉಳಿದಿದೆ. ಮಿಲ್ಟನ್ ಕೀನ್ಸ್ ಕಡೆಯವರಾದರೆ ಸಂಜೆ ಬಂದು ತಗೊಂಡು ಹೋಗಿ. ಆದರೆ ವೆಟ್‌ಗೆ ಫೋನ್ ಮಾಡಿದ ಮೇಲೆ.