ಜುಲೈ ಬಿಲ್ ಮಾತ್ರ ಎನರ್ಜಿಪ್ಲಸ್ ಲೆಕ್ಕಕ್ಕೆ ಸಿಗುತ್ತಿಲ್ಲ, ಯಾಕೆ?

ಮಡಿಕೇರಿ ಮಳೆ:
ಮಡಿಕೇರಿಯಲ್ಲಿ ನಮ್ಮದು ಎರಡು ಮಹಡಿಯ ಹೆಂಚಿನ ಆಫೀಸು, ಸುಮಾರು 400 ಚದರ ಮೀಟರ್. ಎಸಿ ಇಲ್ಲ. ಸೋಲಾರ್ ಹಾಕಿಸುವ ಮೊದಲು ಕರೆಂಟ್ ಎಲ್ಲಿ ಹೋಗುತ್ತಿದೆ ನೋಡೋಣ ಅಂತ ಎನರ್ಜಿಪ್ಲಸ್‌ನಲ್ಲಿ ಮಾಡೆಲ್ ಮಾಡಿದೆ. (ಕಟ್ಟಡಕ್ಕೆ ಎಷ್ಟು ಕರೆಂಟ್ ಬೇಕು ಅಂತ ಲೆಕ್ಕ ಹಾಕುವ ಅಮೆರಿಕದ ಇಂಧನ ಇಲಾಖೆಯ ಸಾಫ್ಟ್‌ವೇರ್, ಪುಕ್ಕಟೆ ಸಿಗುತ್ತದೆ.) ಫೆಬ್ರವರಿ, ಮಾರ್ಚ್ ಬಿಲ್‌ಗೆ ಹತ್ತಿಪ್ಪತ್ತು ಯೂನಿಟ್ ಆಚೀಚೆ, ಅಷ್ಟೆ. ಜುಲೈಗೆ ಮಾಡೆಲ್ 900 ಯೂನಿಟ್ ಅನ್ನುತ್ತದೆ, ಬಿಲ್ ಬಂದಿರುವುದು 1,640! ಹವಾಮಾನದ ಫೈಲ್ ಬೆಂಗಳೂರಿನದು. ಮಂಗಳೂರಿನದು ಹಾಕಿದರೆ ಸರಿಯಾಗುತ್ತಾ?

ಹಳೇ ಮೀಟರ್:
ಬೇಡ. ಮಂಗಳೂರು ಸಮುದ್ರದ ಪಕ್ಕ, ನೀವು 1,100 ಮೀಟರಿಗಿಂತ ಮೇಲೆ. ಆ ಫೈಲಿನಲ್ಲಿ ವರ್ಷದ 8,760 ಗಂಟೆಯ ಬಿಸಿಲು, ಗಾಳಿ, ತೇವ ಎಲ್ಲಾ ಇರುತ್ತದೆ, ನಿಜ. ಆದರೆ ಎಸಿಯೇ ಇಲ್ಲದ ಮಾಡೆಲ್‌ನಲ್ಲಿ ಅದನ್ನು ಬದಲಿಸಿದರೆ ಒಳಗಿನ ಸೆಕೆ, ಚಳಿ ಬದಲಾಗುತ್ತದೆ. ಯೂನಿಟ್ ಯಾಕೆ ಏರುತ್ತದೆ? ನೀವು ಕೊಡದ ಯಂತ್ರ ಅದಕ್ಕೆ ಗೊತ್ತಾಗಲ್ಲ ಸರ್. ಜುಲೈಗೆ 744 ಗಂಟೆ, ನಿಮ್ಮ ವ್ಯತ್ಯಾಸ 740 ಯೂನಿಟ್. ಹಗಲೂ ರಾತ್ರಿ ಒಂದು ಕಿಲೋವ್ಯಾಟ್ ಉರಿದ ಹಾಗಾಯ್ತು. ಆಫೀಸ್ ಮುಚ್ಚಿದ ಮೇಲೆ ಮೀಟರ್ ಮುಂದೆ ಒಂದು ಗಂಟೆ ನಿಲ್ಲಿ.

ತೋಟದ ಲೆಕ್ಕ:
ಮರ ಬಿದ್ದು ಕರೆಂಟ್ ಹೋದಾಗ ಜನರೇಟರ್ ಓಡಿಸ್ತೀರಲ್ವಾ? ಅದು ಬಿಲ್‌ನಲ್ಲಿ ಬರಲ್ಲ. ಅಂದ್ರೆ ಬಳಕೆ ಇನ್ನೂ ಜಾಸ್ತಿ. ಡೀಸೆಲ್ ಪುಸ್ತಕವನ್ನೂ ತೆಗೀರಿ.

ಮಡಿಕೇರಿ ಮಳೆ:
ನಿಂತೆ. ರಾತ್ರಿ ಒಂಬತ್ತಕ್ಕೆ ಎಲ್ಲಾ ಲೈಟ್ ಆರಿದ್ದರೂ ಗಂಟೆಗೆ ಅರ್ಧ ಯೂನಿಟ್ ಓಡಿತು. ಫೈಲ್ ರೂಮಿಗೆ ಹೋದರೆ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಎಳೆಯುವ ಯಂತ್ರ) ಗುಂಯ್ ಅನ್ನುತ್ತಿತ್ತು. ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ ಅಂತ ಜೂನ್‌ನಲ್ಲಿ ಹಾಕಿದವರು ಆರಿಸುವುದು ಸೆಪ್ಟೆಂಬರ್ ಕೊನೆಗೆ. ಅದು ನನ್ನ ಮಾಡೆಲ್‌ನಲ್ಲಿ ಇಲ್ಲವೇ ಇಲ್ಲ.

ಇನ್ನೊಂದು ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಮೆಟ್ಟಿಲ ಕೆಳಗೆ. ಹಗ್ಗ ಕಟ್ಟಿ ಐದಾರು ಒದ್ದೆ ಜರ್ಕಿನ್ ನೇತುಹಾಕಿದ್ದಾರೆ, ಕೆಳಗೆ 2,000 ವ್ಯಾಟಿನ ಕಾಯಿಲ್ ಹೀಟರ್ ಕೆಂಪಗೆ ಉರಿಯುತ್ತಿದೆ. ದಿನಕ್ಕೆ ಐದು ಗಂಟೆಯಂತೆ, ಅಂದರೆ 10 ಯೂನಿಟ್. ಬೈಯೋಣ ಅಂತ ಹೋದೆ. ಅದರಲ್ಲಿ ಒಂದು ಜರ್ಕಿನ್ ನನ್ನದೇ.

ಹಳೇ ಮೀಟರ್:
😀 ಎರಡನ್ನೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಹೊತ್ತಿಗೆ ಎಷ್ಟು ಓಡುತ್ತದೆ ಅಂತ ಶೆಡ್ಯೂಲ್ ಬರೆದು ಮಾಡೆಲ್‌ಗೆ ಸೇರಿಸಿ. ಮಂಜು ಕವಿದ ದಿನ ಮಧ್ಯಾಹ್ನವೂ ಟ್ಯೂಬ್‌ಲೈಟ್ ಉರಿಯುತ್ತದಲ್ವಾ, ಅದನ್ನೂ. ಮತ್ತೆ, ಸೋಲಾರ್ ಅಳತೆಯನ್ನು ಜುಲೈ ಬಿಲ್ ಹಿಡಿದು ಮಾಡಬೇಡಿ. ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಮಳೆಯಲ್ಲಿ ಪ್ಯಾನೆಲ್‌ಗೆ ಬಿಸಿಲು ಎಲ್ಲಿಂದ ತರ್ತೀರಿ?

ಮಡಿಕೇರಿ ಮಳೆ:
ಸರಿ, ಇವತ್ತೇ ಸೇರಿಸುತ್ತೇನೆ. ಜರ್ಕಿನ್ ಎಲ್ಲಿ ಒಣಗಿಸೋದು ಅಂತ ಯಾರಾದರೂ ಹೇಳಿ.