ಅಜ್ಜನ ಕೀಸುಳಿಗೆ ತುಕ್ಕು ಹಿಡಿದಿದೆ, ಉಳಿಸಬಹುದಾ?

ಪ್ರಶ್ನೆ (ಪುತ್ತೂರಿನಿಂದ): ಅಟ್ಟ ಗುಡಿಸುವಾಗ ಅಜ್ಜನ ಕಬ್ಬಿಣದ ಕೀಸುಳಿ ಸಿಕ್ಕಿತು. ಮೇಲೆ ಸ್ಟ್ಯಾನ್ಲಿ (ಕಂಪನಿಯ ಹೆಸರು), ನಂಬರ್ 4 ಅಂತ ಇದೆ. ಎಷ್ಟೋ ಮಳೆಗಾಲ ಗೋಣಿಚೀಲದಲ್ಲೇ ಇತ್ತು, ಮೈಯೆಲ್ಲ ತುಕ್ಕು. ಹಿಂದಿನ ಹಿತ್ತಾಳೆ ಚಕ್ರ ಜಪ್ಪಯ್ಯ ಅಂದರೂ ತಿರುಗುತ್ತಿಲ್ಲ. ವೈಸ್‌ನಲ್ಲಿ ಹಿಡಿದು ಪ್ಲೈಯರ್ ಹಾಕಲಾ? ಶೋಕೇಸಿಗೆ ಅಲ್ಲ, ಇದರಲ್ಲಿ ಮರ ಕೀಸಬೇಕು ಅಂತ ಆಸೆ.

ಉತ್ತರ (ಬಡಗಿ): ಖಂಡಿತ ಉಳಿಯುತ್ತದೆ. ಆದರೆ ಪ್ಲೈಯರ್ ಬೇಡವೇ ಬೇಡ. ಆ ಚಕ್ರದ್ದು ಉಲ್ಟಾ ಥ್ರೆಡ್. ಬಿಚ್ಚಲು ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಬೇಕು. ನೀವು ಇಷ್ಟು ಹೊತ್ತು ಅದನ್ನು ಬಿಗಿ ಮಾಡುತ್ತಿದ್ದಿರೋ ಏನೋ! ಸೀಮೆಎಣ್ಣೆಯೋ ಡೀಸೆಲ್ಲೋ ಬಿಟ್ಟು ಒಂದು ರಾತ್ರಿ ಇಡಿ, ಆಮೇಲೆ ಕೈಯಲ್ಲೇ ನೋಡಿ. ವೈಸ್‌ನಲ್ಲಿ ಅದುಮಬೇಡಿ. ಮೈ ಎರಕದ ಕಬ್ಬಿಣ, ಬಗ್ಗುವುದಿಲ್ಲ, ಒಡೆಯುತ್ತದೆ. ಬ್ಲೇಡು ಹೊರಬರುವ ಬಾಯಿಯ ಮೂಲೆಗಳಲ್ಲಿ ಬಿರುಕು ಇದೆಯಾ ಅಂತ ಮೊದಲು ನೋಡಿ.

ಬಿಚ್ಚಿದ ಸ್ಕ್ರೂಗಳನ್ನು ಒಂದು ಡಬ್ಬಿಗೆ ಹಾಕಿ. ಅವು ಹಳೇ ಅಳತೆಯವು, ಅಂಗಡಿಯ ಮೆಟ್ರಿಕ್ ಸ್ಕ್ರೂ ಕೂರುವುದಿಲ್ಲ.

ಮರ, ಹಿತ್ತಾಳೆ ಎರಡನ್ನೂ ತೆಗೆದಿಟ್ಟು, ಮೈಯನ್ನು ಸೋಪು ನೀರಲ್ಲಿ ತೊಳೆದು ಬಿಳಿ ವಿನೆಗರ್‌ನಲ್ಲಿ ಮುಳುಗಿಸಿ. ಗಂಟೆಗೊಮ್ಮೆ ತೆಗೆದು ಬ್ರಷ್‌ನಿಂದ ಉಜ್ಜಿ. ದಿನಗಟ್ಟಲೆ ಬಿಟ್ಟರೆ ಕಬ್ಬಿಣವನ್ನೇ ತಿನ್ನುತ್ತದೆ. ಕೊನೆಗೆ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು, ತಕ್ಷಣ ಒರೆಸಿ, ಬಿಸಿಲಿಗಿಟ್ಟು ಎಣ್ಣೆ ಹಚ್ಚಿ. ನಿಮ್ಮ ಕಡೆಯ ಹವೆಯಲ್ಲಿ ಹತ್ತು ನಿಮಿಷ ಸುಮ್ನೆ ಬಿಟ್ಟರೂ ಮತ್ತೆ ಕೆಂಪಾಗುತ್ತದೆ.

ಇನ್ನೊಬ್ಬ ಸದಸ್ಯರು: ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿದರೆ ಐದೇ ನಿಮಿಷ, ಅಲ್ವಾ?

ಬಡಗಿ: ತುಕ್ಕು ಹೋಗುವುದು ನಿಜ. ಆದರೆ ಅದರ ಹೊಗೆ ಎದೆಗೆ ಕೆಟ್ಟದ್ದು, ಪಕ್ಕದಲ್ಲಿಟ್ಟ ಉಳಿ, ಗರಗಸಕ್ಕೂ ತುಕ್ಕು ಹಿಡಿಸುತ್ತದೆ. ದಯವಿಟ್ಟು ಬೇಡ.

ಪುತ್ತೂರು: ಚಕ್ರ ಬಿಚ್ಚಿಕೊಂಡಿತು! ಆದರೆ ವಿನೆಗರ್‌ನಿಂದ ತೆಗೆದರೆ ಮೈ ಕಪ್ಪಾಗಿದೆ. ಬ್ಲೇಡಿನ ಹಿಂಬದಿ ತುಂಬ ಸಣ್ಣ ಸಣ್ಣ ಗುಳಿ.

ಬಡಗಿ: ಕಪ್ಪಿಗೆ ಹೆದರಬೇಡಿ. ಎರಕದ ಕಬ್ಬಿಣದಲ್ಲಿ ಇಂಗಾಲ ಜಾಸ್ತಿ, ಅದು ಮೇಲೆ ಕೂತಿದೆ. ಸ್ಟೀಲ್ ಉಣ್ಣೆಯಲ್ಲಿ ಉಜ್ಜಿದರೆ ಹೋಗುತ್ತದೆ.

ನೋಡಬೇಕಾದ್ದು ಆ ಗುಳಿಗಳನ್ನು. ಬ್ಲೇಡಿನ ಎರಡು ಮುಖ ಕೂಡುವ ಗೆರೆಯೇ ಹರಿತ. ಆ ಗೆರೆಯಲ್ಲಿ ಒಂದು ಗುಳಿ ಇದ್ದರೂ ಅಲ್ಲಿ ಹಲ್ಲು ಬೀಳುತ್ತದೆ, ಮರದ ಮೇಲೆ ಗೀರು ಮೂಡುತ್ತದೆ. ಎಷ್ಟು ಸಾಣೆ ಹಿಡಿದರೂ ಅಷ್ಟೇ. ತುದಿಯಿಂದ ದೂರದ ಗುಳಿಗಳನ್ನು ಹಾಗೇ ಬಿಡಿ, ಅವು ಏನೂ ಮಾಡುವುದಿಲ್ಲ. ತುದಿಯ 2–3 ಮಿಲಿಮೀಟರ್ ಮಾತ್ರ ಕಲ್ಲಿನ ಮೇಲೆ ಕನ್ನಡಿಯಾಗುವ ತನಕ ಉಜ್ಜಿ. ಗುಳಿ ಆಳವಿದ್ದರೆ ಅದನ್ನು ದಾಟುವ ತನಕ ತುದಿಯನ್ನೇ ಸವೆಸಿ. ಗ್ರೈಂಡರ್ ಹಿಡಿದರೆ ಮತ್ತೆ ಮತ್ತೆ ನೀರಿಗೆ ಅದ್ದಿ. ತುದಿ ನೀಲಿಯಾದರೆ ಅಲ್ಲಿ ಉಕ್ಕಿನ ಹದ (ಗಡಸುತನ) ಹೋಯಿತು ಅಂತ ಲೆಕ್ಕ. ಬ್ಲೇಡಿನ ತುದಿಯ ಇಳಿಜಾರು 25 ಡಿಗ್ರಿ ಇರಲಿ, ಕೊನೆಯ ಸಾಣೆ 30ಕ್ಕೆ.

ಬ್ಲೇಡಿನ ಮೇಲೆ ಕೂರುವ ಕ್ಯಾಪ್ ಐರನ್ ಜೋಡಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ಕೀಸಿದ ಮರದ ಸುರುಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದರ ಅಂಚನ್ನೂ ಕಲ್ಲಿನಲ್ಲಿ ಉಜ್ಜಿ ಸರಿಮಾಡಿ.

ತಳ ಮಟ್ಟ ಮಾಡಲು ಗ್ರಾನೈಟ್ ಅಂಗಡಿಯಲ್ಲಿ ಮಿಕ್ಕ ಪಾಲಿಶ್ ತುಂಡು ಕೇಳಿ. ಅದರ ಮೇಲೆ 80ರ ಎಮರಿ ಕಾಗದ ಅಂಟಿಸಿ. ತಳದ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು ಉಜ್ಜಿ. ಬ್ಲೇಡನ್ನು ಒಳಗೆ ಎಳೆದುಕೊಂಡು, ಕೆಲಸಕ್ಕೆ ಬಿಗಿಯುವಷ್ಟೇ ಬಿಗಿದಿರಬೇಕು. ಆ ಬಿಗಿತಕ್ಕೆ ಮೈ ಕೂದಲೆಳೆಯಷ್ಟು ಬಾಗುತ್ತದೆ. ಮುಂದಿನ ತುದಿ, ಬಾಯಿಯ ಮುಂಭಾಗ, ಹಿಂದಿನ ತುದಿ, ಈ ಮೂರು ಕಡೆ ಗೆರೆ ಅಳಿಸಿದರೆ ಸಾಕು. ಮಿಕ್ಕ ಕಡೆ ತಗ್ಗು ಉಳಿದರೂ ಕೆಲಸಕ್ಕೆ ತೊಂದರೆಯಿಲ್ಲ. ಆಮೇಲೆ 120, 240ರ ಕಾಗದ.

ಪುತ್ತೂರು: ಹಳೇ ಕಪ್ಪು ಬಣ್ಣ ಅಲ್ಲಲ್ಲಿ ಎದ್ದಿದೆ. ಪೂರ್ತಿ ಕೆರೆದು ಹೊಸದು ಹೊಡೆಯಲಾ?

ಬಡಗಿ: ಅರ್ಧಕ್ಕಿಂತ ಜಾಸ್ತಿ ಉಳಿದಿದ್ದರೆ ಮುಟ್ಟಬೇಡಿ. ಅಜ್ಜನ ಕೈ ಆಡಿದ ಬಣ್ಣ ಅದು, ನನಗಂತೂ ಕೆರೆಯಲು ಮನಸ್ಸು ಬರುವುದಿಲ್ಲ. ಎದ್ದ ಜಾಗಕ್ಕೆ ಎಣ್ಣೆ ಒರೆಸಿದರೆ ಸಾಕು. ಹೊಡೆಯಲೇಬೇಕೆಂದರೆ ಇಂಜಿನ್ ಎನಾಮೆಲ್ ಹೊಡೆಯಿರಿ, ಬ್ಲೇಡು ಕೂರುವ ಜಾಗಕ್ಕೆ ಮಾತ್ರ ಬೇಡ. ಹಿಡಿಕೆಗೆ ಅಗಸೆ ಎಣ್ಣೆ ಒಂದೆರಡು ಸಲ ತೆಳುವಾಗಿ ಹಚ್ಚಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿ ಬಿಸಿಯಾಗಿ ಬೆಂಕಿ ಹಿಡಿಯಬಹುದು. ಹೊರಗೆ ಹರವಿ ಒಣಗಿಸಿ.