ಅಪ್‌ಡೇಟ್: ಮೆದುಳಿನ ರಕ್ತಸ್ರಾವದ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು

ರಕ್ತದೊತ್ತಡ ಏರಿ ಮೆದುಳಿನ ಎಡಭಾಗದಲ್ಲಿ ರಕ್ತಸ್ರಾವವಾಗಿದ್ದ ನಮ್ಮ ತಂದೆಯವರಿಗೆ ಹುಬ್ಬಳ್ಳಿಯಲ್ಲಿ ತಲೆಬುರುಡೆಯ ಸಣ್ಣ ರಂಧ್ರದ ಮೂಲಕ ಹೆಪ್ಪುಗಟ್ಟಿದ ರಕ್ತವನ್ನು ಹೀರಿ ತೆಗೆದಿದ್ದರು. ಗಾಯ ಇಷ್ಟು ಚಿಕ್ಕದಾಗಿದ್ದರೂ ಬಲಗೈ ಮತ್ತು ಮಾತು ಏಕೆ ಮರಳಿಲ್ಲ ಎಂದು ಆಗ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಋಣಿಯಾಗಿದ್ದೇನೆ.

ನನ್ನ ಪ್ರಶ್ನೆಯಲ್ಲೇ ತಪ್ಪು ಎಣಿಕೆಯಿತ್ತು. ಹೊಲಿಗೆ ಬೇಗ ಮಾಯ್ದಿತು. ಆದರೆ ಈ ಶಸ್ತ್ರಚಿಕಿತ್ಸೆ ಮೆದುಳಿನ ಮೇಲಿನ ಒತ್ತಡವನ್ನು ಇಳಿಸಿ ಉಳಿದ ಭಾಗವನ್ನು ಕಾಪಾಡುತ್ತದೆಯೇ ಹೊರತು ಆಗಲೇ ನಾಶವಾದ ನರಕೋಶಗಳನ್ನು ಮರಳಿ ಕೊಡುವುದಿಲ್ಲ, ಅವುಗಳ ಕೆಲಸವನ್ನು ಬೇರೆ ಭಾಗಗಳು ಅಭ್ಯಾಸದಿಂದಲೇ ಕಲಿಯಬೇಕು ಎಂದು ವೈದ್ಯರು ವಿವರಿಸಿದರು.

ಆ ಅಭ್ಯಾಸ ಹೇಗಿರುತ್ತದೆ ಎಂದರೆ, ಫಿಸಿಯೋಥೆರಪಿಸ್ಟ್ ಹೇಳಿದಂತೆ ತಂದೆಯವರು ದಿನವೂ ಶೇಂಗಾ ಕಾಳನ್ನು ಬಲಗೈಯ ಎರಡು ಬೆರಳಲ್ಲಿ ಹಿಡಿದು ಬಟ್ಟಲಿಗೆ ಹಾಕುತ್ತಾರೆ; ಮೊದಲು ಒಂದೂ ನಿಲ್ಲುತ್ತಿರಲಿಲ್ಲ, ನಿನ್ನೆ ಹತ್ತರಲ್ಲಿ ನಾಲ್ಕು ಬಟ್ಟಲು ಸೇರಿದವು. ನೀರು ಕುಡಿದರೆ ಕೆಮ್ಮು ಬರುತ್ತಿದ್ದುದರಿಂದ, ನುಂಗುವ ಪರೀಕ್ಷೆ ಮಾಡಿದವರ ಸಲಹೆಯಂತೆ, ನೆಟ್ಟಗೆ ಕೂರಿಸಿ ಗಟ್ಟಿಯಾದ ಜೋಳದ ಅಂಬಲಿಯನ್ನು ಚಮಚದಲ್ಲಿ ಕೊಡುತ್ತಿದ್ದೆವು. ಈಗ ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನುತ್ತಾರೆ. ಮಾತು ಮಾತ್ರ ನಿಧಾನ: ನೀರು ಬೇಕಾದಾಗ ‘ಚಹಾ’ ಎನ್ನುತ್ತಾರೆ. (ಕೆಲವೊಮ್ಮೆ ನಿಜವಾಗಿಯೂ ಚಹಾ ಬೇಕಿರುತ್ತದೆ ಎಂಬುದು ಅವ್ವನ ಅನುಮಾನ.)

ರಕ್ತದೊತ್ತಡವನ್ನು 130/80ರ ಒಳಗೆ ಇಡಲು ಹೇಳಿದ್ದಾರೆ. ‘ಆರಾಮಾಗೇನಿ’ ಎಂದು ಅವರು ಮಾತ್ರೆ ಬಿಟ್ಟದ್ದನ್ನು ಅಂದು ಗಮನಿಸದ ನಾನು, ಈಗ ಎರಡು ಹೊತ್ತು ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ.